ಫುಟ್‌ಬಾಲ್ ಮುಗಿದ ಮೇಲೆ

ನಮ್ಮ ರಂಗಂಪೇಟೆಗೆ ರೈಲಿಲ್ಲ, ಯಾದಗಿರಿಗೇ ಹೋಗಬೇಕು. ಬೆಂಗಳೂರಿನ ಮೊಮ್ಮಗನಿಗೋ ದಿನವೂ ಮೆಟ್ರೊ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಆಟ ನೋಡಿ, ಇಬ್ಬರೂ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬಂದೆವು. ಜಾತ್ರೆಯಷ್ಟು ಜನ! ಪ್ಲಾಟ್‌ಫಾರ್ಮ್ ನೆಲದಡಿ ಇದೆ. ಸಿಬ್ಬಂದಿ ನಮ್ಮನ್ನು ಮೇಲೆಯೇ ತಡೆದು, ಒಂದು ರೈಲು ಹೋದಮೇಲೆ ಇನ್ನಷ್ಟು ಮಂದಿಯನ್ನು ಬಿಡುತ್ತಿದ್ದರು.

“ಮುತ್ಯಾ, ಕೆಳಗ ಜಾಗ ಐತಲ್ಲ, ಯಾಕ ನಿಲ್ಲಿಸ್ಯಾರ?”

“ಇಳಿಯೋರಿಗೆ ಜಾಗ ಬ್ಯಾಡೇನಪ್ಪಾ?” ಎಂದೆ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನು ನಾನು. ಸಾಲು ಉದ್ದವಾದರೆ ಕೆಲಸ ಸಾಗುತ್ತದೆ, ಕಿಟಕಿಗೆ ಮುಗಿಬಿದ್ದರೆ ನಿಂತೇಹೋಗುತ್ತದೆ.

ಹತ್ತಿರದ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 2025ರ ಜೂನ್ 4ರಂದು, ಕ್ರಿಕೆಟ್ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅದನ್ನು ಹೇಳಿದಾಗ ಹುಡುಗ ಸುಮ್ಮನೆ ನನ್ನ ಕೈ ಹಿಡಿದ. ಮೂರನೇ ರೈಲಿನಲ್ಲಿ ಸೀಟೂ ಸಿಕ್ಕಿತು.