ಅಪ್ಪ ಮಗ ಮಾಡಿದ ಗಿಟಾರು

ಕ್ವೀನ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಹೆಸರು ನಿಮಗೆ ಗೊತ್ತಿಲ್ಲದೆ ಇರಬಹುದು. ಅದರ ತಾಳವಂತೂ ಗೊತ್ತು: ಎರಡು ಸಲ ಕಾಲ ಬಡಿತ, ಒಂದು ಚಪ್ಪಾಳೆ. ನಾನು ವರದಿಗೆ ಹೋದ ಕಬಡ್ಡಿ ಪಂದ್ಯಗಳಲ್ಲೂ ಸ್ಪೀಕರಿನಲ್ಲಿ ಅದನ್ನು ಕೇಳಿದ್ದೇನೆ. 1977ರ ‘ವಿ ವಿಲ್ ರಾಕ್ ಯೂ’ ಹಾಡಿನ ಆ ತಾಳಕ್ಕೆ ಡ್ರಮ್ಮೇ ಬಾರಿಸಿಲ್ಲ. ಕೆಲವೇ ಜನ ಹಲಗೆಗಳ ಮೇಲೆ ಕಾಲು ಬಡಿದರು. ಅದನ್ನೇ ಮತ್ತೆ ಮತ್ತೆ ರೆಕಾರ್ಡ್ ಮಾಡಿ ಒಂದರ ಮೇಲೊಂದು ಸೇರಿಸಿದರು. ಕೇಳುವಾಗ ಊರಿಗೆ ಊರೇ ಸೇರಿದ ಹಾಗಿರುತ್ತದೆ.

ಆ ಹಾಡು ಬರೆದವರು ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ. ಅವರ ಗಿಟಾರು ಅಂಗಡಿಯದ್ದಲ್ಲ. 1963ರಲ್ಲಿ, ಹುಡುಗ ಇನ್ನೂ ಶಾಲೆಯಲ್ಲಿದ್ದಾಗ, ಅಪ್ಪ ಹೆರಾಲ್ಡ್ ಜೊತೆ ಕೂತು ಮನೆಯಲ್ಲೇ ಮಾಡಲು ಶುರುಮಾಡಿದ್ದು. ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು.

ಗಿಟಾರಿನ ಕತ್ತಿಗೆ ಬಳಸಿದ್ದು, ಮನೆಯೊಳಗೆ ಚಳಿ ಕಾಯಿಸುವ ಗೋಡೆ ಒಲೆಯ ಸುತ್ತ ಇದ್ದ ಹಳೇ ಮಹಾಗನಿ ಮರ. ಅದರಲ್ಲಿ ಹುಳು ಕೊರೆದ ತೂತುಗಳಿದ್ದವು. ಬೆಂಕಿಕಡ್ಡಿ ತುರುಕಿ ಮುಚ್ಚಿದರು. ತಂತಿಗಳ ಎಳೆತ ತಡೆಯಲು ಹಳೇ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್. ಸ್ವರ ನಡುಗಿಸುವ ಹಿಡಿಗೆ ಸೈಕಲ್ ಸೀಟಿನ ಹಿಂದೆ ಚೀಲ ಹಿಡಿಯುವ ಕಂಬಿ, ಅದರ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು. ಬೆರಳಿಡುವ ಜಾಗ ಗುರುತಿಸಲು ಅಮ್ಮನ ಹೊಲಿಗೆ ಪೆಟ್ಟಿಗೆಯ ಚಿಪ್ಪಿನ ಗುಂಡಿ. ಪಾಪ, ಆ ತಾಯಿಯ ಹೆಸರು ಈ ಕಥೆಯಲ್ಲಿ ಯಾರೂ ಹೇಳುವುದಿಲ್ಲ.

ಇದನ್ನು ಬಡತನದ ಕಥೆ ಮಾಡಿ ಹೇಳುವವರಿದ್ದಾರೆ. ದುಡ್ಡಿರಲಿಲ್ಲ, ನಿಜ. ಆದರೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು, ಮನೆಯ ಟಿವಿಯನ್ನೂ ತಾವೇ ಮಾಡಿದವರು. ಗುಜರಿ ಸಾಮಾನು ಎಲ್ಲರ ಮನೆಯಲ್ಲೂ ಇರುತ್ತದೆ, ಅಂಥ ಅಪ್ಪ ಇರುವುದಿಲ್ಲ.

ಸಭೆಯಲ್ಲಿ ಮೈಕು ಕುಂಯ್ ಅಂತ ಕೂಗಿಕೊಳ್ಳುತ್ತದಲ್ಲ, ಅದು ಸ್ಪೀಕರಿನ ಸದ್ದು ತಿರುಗಿ ಮೈಕಿಗೇ ಹೋಗುವುದರಿಂದ. ಗಿಟಾರಿನಲ್ಲೂ ಹಾಗಾಗುತ್ತದೆ. ಆ ಕೂಗು ಸ್ವರವಾಗಿ ಪಳಗಬೇಕು ಎಂದು ಮೇ ಗಿಟಾರಿನ ಒಡಲಲ್ಲಿ ಪೊಳ್ಳು ಬಿಟ್ಟರು. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳನ್ನು ಕೊನೆಗೆ ಅಂಗಡಿಯಿಂದಲೇ ತಂದರು, ಆದರೆ ಕರ್ಕಶ ಕೂಗು ನಿಲ್ಲಲು ಒಳಗೆ ಅರಾಲ್ಡೈಟ್ ಅಂಟು ತುಂಬಿದರು. ನುಡಿಸುವುದು ಪ್ಲಾಸ್ಟಿಕ್ ಚೂರಿನಿಂದಲ್ಲ, ಆರು ಪೆನ್ನಿ ನಾಣ್ಯದಿಂದ.

ಬ್ಯಾಂಡಿನ ಬಾಸ್ ವಾದಕ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಓದಿದವರು. ಲಂಡನ್ನಿನ ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕೀಟ್ ಬೋರ್ಡನ್ನು ಪುಟ್ಟ ಸ್ಪೀಕರ್ ಡಬ್ಬಿಗೆ ಕೂರಿಸಿ, ಬ್ಯಾಟರಿ ಹಾಕಿ ಆಂಪ್ಲಿಫೈಯರ್ ಮಾಡಿದರು. ಅದಕ್ಕೆ ಸದ್ದು ಏರಿಸಿ ಇಳಿಸುವ ಗುಂಡಿಯೇ ಇಲ್ಲ. 1975ರ ‘ಗುಡ್ ಕಂಪನಿ’ ಹಾಡಿನಲ್ಲಿ ತುತ್ತೂರಿ ಮೇಳದಂತೆ ಕೇಳುವುದು ಈ ಡಬ್ಬಿ ಮತ್ತು ಆ ಗಿಟಾರು.

ನನ್ನನ್ನು ಕಾಡುವುದು ಬೇರೆ ಸಂಗತಿ. ಮೇ ಖಗೋಳ ವಿಜ್ಞಾನದ ಪಿಎಚ್‌ಡಿ ಬಿಟ್ಟು ಬ್ಯಾಂಡಿಗೆ ಹೊರಟಾಗ ಹೆಚ್ಚು ನೊಂದವರು ಹೆರಾಲ್ಡ್. ಬಹಳ ಕಾಲ ಅಪ್ಪ ಮಗನಿಗೆ ಮಾತೇ ಇರಲಿಲ್ಲ. ಗಿಟಾರು ಮಾಡಿಕೊಟ್ಟ ಕೈ, ಅದನ್ನೇ ಬದುಕು ಮಾಡಿಕೊಳ್ಳುತ್ತೇನೆ ಅಂದಾಗ ಹಿಂದೆ ಸರಿಯಿತು. ನಮ್ಮಪ್ಪನೂ ಹಾಗೇ. ದಿನಾ ಸಂಜೆ ಪೇಪರ್ ಜೋರಾಗಿ ಓದಿಸಿ ರುಚಿ ಹತ್ತಿಸಿದವರು ಅವರೇ. ಪೇಪರ್ ಕೆಲಸಕ್ಕೇ ಹೋಗ್ತೀನಿ ಅಂದಾಗ, ಸಂಬಳ ಯಾರು ಕೊಡ್ತಾರೆ ಅಂತ ಮುಖ ತಿರುಗಿಸಿದವರೂ ಅವರೇ.

ಕೊನೆಗೆ ಮೇ ಅಪ್ಪ ಅಮ್ಮನನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಕರೆಸಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಕಾರ್ಯಕ್ರಮ ತೋರಿಸಿದರು. ಈಗ ಅರ್ಥವಾಯಿತು ಎಂದು ಹೆರಾಲ್ಡ್ ಆವತ್ತು ಒಪ್ಪಿಕೊಂಡರಂತೆ. ಅವರು ತೀರಿಕೊಂಡದ್ದು 1988ರಲ್ಲಿ. ಅರ್ಧಕ್ಕೆ ಬಿಟ್ಟ ಪಿಎಚ್‌ಡಿಯನ್ನು ಮಗ ಮುಗಿಸಿದ್ದು 2007ರಲ್ಲಿ.