ಅವ್ವನ ರಕ್ತ ಮತ್ತು ಕೈಗವಸು

ಅಡಕೆ ಕೊಯ್ಲು ಮುಗಿದ ಮೇಲೆ ಅವ್ವ ಜ್ವರ ಬಂದು ಮಲಗಿದಳು. ಆನಂದಪುರದ ಆಚೆ ಕಾಡಿನಲ್ಲಿ ದರಕು ಗುಡಿಸಿ, ಹೊರೆ ಹೊತ್ತು, ತೋಟದೊಡೆಯರ ಕೊಟ್ಟಿಗೆಗೆ ಹಾಕುವುದು ಅವಳ ಕೂಲಿ. ದರಕಿನಲ್ಲಿ ಉಣುಗು. ಉಣುಗಿನಲ್ಲಿ ಮಂಗನ ಕಾಯಿಲೆಯ ವೈರಸ್ಸು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದದ್ದು ಇದೇ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನರನ್ನು ಕೊಂದದ್ದೂ ಇದೇ.

ರಕ್ತ ತೆಗೆಯಲು ಬಂದ ಅಕ್ಕ ಕೈಗವಸು ತೊಟ್ಟಳು. ಅವ್ವ ತೋಳು ಹಿಂದಕ್ಕೆ ಎಳೆದುಕೊಂಡಳು. "ನನ್ನ ಮುಟ್ಟಾಕೆ ಕೈಗೆ ಚೀಲ ಹಾಕ್ಕಂಡಾಳೆ, ನೋಡು ಮಗಾ" ಅಂದಳು. ಒಡೆಯರ ಹಿತ್ತಿಲಲ್ಲಿ ಬೇರೆ ಲೋಟದಲ್ಲಿ ನೀರು ಕುಡಿದವಳಿಗೆ ಇನ್ನೇನು ತೋಚಬೇಕು?

ಲ್ಯಾಬಿನಲ್ಲಿ ದುಡಿಯುವ ಗೆಳೆಯ ಹೇಳಿದ್ದನ್ನೇ ಅವಳಿಗೆ ಹೇಳಿದೆ. ಈ ವೈರಸ್ಸಿನ ಜೊತೆ ಕೆಲಸ ಮಾಡಿದ ಲ್ಯಾಬಿನವರಿಗೇ ಕಾಯಿಲೆ ತಗಲಿದ್ದುಂಟು. ಅದಕ್ಕೇ ರಕ್ತದ ಸೀಸೆಯನ್ನು ಮೂರು ಸುತ್ತು ಕಟ್ಟಿ, ತಂಪಿನಲ್ಲಿಟ್ಟು ಕಳಿಸುತ್ತಾರೆ. ಗಾಳಿಯನ್ನು ಸೋಸಿ ಹೊರಬಿಡುವ ಸುರಕ್ಷಾ ಪೆಟ್ಟಿಗೆಯೊಳಗೇ ಬಿಚ್ಚುತ್ತಾರೆ. ಗ್ವಾನಿಡಿನ್ ಉಪ್ಪಿನ ದ್ರಾವಣ ಬೆರೆಸಿ, ಹೇಳಿದಷ್ಟು ಹೊತ್ತು ಬಿಡುತ್ತಾರೆ. ವೈರಸ್ಸಿನ ಕೊಬ್ಬಿನ ಹೊದಿಕೆ ಒಡೆಯುತ್ತದೆ, ಅದು ಸಾಯುತ್ತದೆ. ಒಳಗಿನ ಆರ್‌ಎನ್‌ಎ ಮಾತ್ರ ಉಳಿಯುತ್ತದೆ. ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಅದು ಸಾಕು. ಆ ದ್ರಾವಣದ ಕಸಕ್ಕೆ ಬ್ಲೀಚಿಂಗ್ ನೀರು ಸುರಿಯುವ ಹಾಗಿಲ್ಲ. ವಿಷದ ಗಾಳಿ ಏಳುತ್ತದೆ. ಪ್ರತಿ ಹೆಜ್ಜೆಗೂ ಒಂದು ಕಾರಣವಿದೆ.

"ದೊಡ್ಡೋರ ರಕ್ತಕ್ಕೂ ಹಿಂಗೇ ಮಾಡ್ತಾರೇನು?"

"ಹೂಂ ಅವ್ವ, ಎಲ್ಲರದಕ್ಕೂ."

ಅವಳು ತೋಳು ಚಾಚಿದಳು.

ಗೆಳೆಯರೇ, ಈ ಎರಡು ದೂರಗಳು ಒಂದೇ ಅಲ್ಲ. ಲ್ಯಾಬಿನ ದೂರಕ್ಕೆ ಕಾರಣವಿದೆ, ವೈರಸ್ಸು ಸತ್ತರೆ ಅದು ಮುಗಿಯುತ್ತದೆ. ಊರಿನ ದೂರಕ್ಕೆ ಕಾರಣವೂ ಇಲ್ಲ, ಕೊನೆಯೂ ಇಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ನಮ್ಮ ಜನ ಕೈಗವಸು ಕಂಡು ಅವಮಾನವೆಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ. ಪಿಸಿಆರ್‌ನಲ್ಲಿ ವೈರಸ್ಸು ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ಆ ದಿನಗಳು ಕಳೆದುಹೋಗುತ್ತವೆ. ಹಳ್ಳಿಯ ಮೇಷ್ಟ್ರುಗಳು ಇದನ್ನು ಕೇರಿಗೆ ಬಂದು ಹೇಳಬೇಕು.

ಅವ್ವ ಉಳಿದಳು. ಮತ್ತೆ ಬರಿಗಾಲಲ್ಲಿ ದರಕಿಗೆ ಹೋಗುತ್ತಾಳೆ. ಅವಳ ನಾಲ್ಕು ಹನಿ ರಕ್ತ ಮುಟ್ಟುವವರಿಗೆ ಇಷ್ಟು ಕಾವಲು ಇರುವುದು ನ್ಯಾಯವೇ. ಆ ರಕ್ತ ಹೊತ್ತ ಮೈಗೆ ಉಣುಗು ಹತ್ತದ ಎಣ್ಣೆ, ಕಾಲಿಗೆ ಬೂಟು, ಮಂಗ ಸತ್ತ ಕಾಡಿಗೆ ಹೋಗದ ದಿನದ ಕೂಲಿ ಕೊಡುವವರು ಯಾರು? ಕೇಳೋಣ. ಒಡೆಯರನ್ನೂ ಕೇಳೋಣ, ಸರ್ಕಾರವನ್ನೂ ಕೇಳೋಣ.