ಬೊಳ್ಳುವಿನ ಕೊನೆಗಾಲ

ಕಳೆದ ಆಟಿ ತಿಂಗಳ ಒಂದು ಸಂಜೆ. ಹೊರಗೆ ಜಡಿಮಳೆ. ಪಶುವೈದ್ಯರು ನಮ್ಮ ಮನೆಯ ಜಗಲಿಯಲ್ಲಿ ಕೊಡೆ ಬಿಡಿಸುತ್ತಾ ಹೇಳಿದರು, "ವಯಸ್ಸಾಯಿತು. ಮೂತ್ರಪಿಂಡಗಳು ಎರಡೂ ಸೋತಿವೆ. ಇನ್ನು ಗುಣವಾಗುವ ಆಸೆ ಇಲ್ಲ. ನೀವು ಒಪ್ಪಿದರೆ ನಾಳೆ ಬಂದು ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುತ್ತೇನೆ. ಯೋಚಿಸಿ ಹೇಳಿ."

ಅವರು ಹೇಳಿದ್ದು ನಮ್ಮ ಬೊಳ್ಳುವಿನ ವಿಷಯ. ಹದಿನಾಲ್ಕು ವರ್ಷದ ಊರ ನಾಯಿ. ಒಂದು ಮಳೆಗಾಲದಲ್ಲಿ ನಮ್ಮ ಅಡಿಕೆ ಗೋದಾಮಿನ ಗೋಣಿಗಳ ಸಂದಿಯಲ್ಲಿ ಕಣ್ಣು ಬಿಡದ ಮರಿಯಾಗಿ ಸಿಕ್ಕಿತ್ತು. ತಾಯಿ ಯಾವುದೋ ತಿಳಿಯಲಿಲ್ಲ. ಮೈ ಬಿಳಿಯಾದ್ದರಿಂದ ಬೊಳ್ಳು ಎಂದು ಹೆಸರಾಯಿತು. ಬೆಳಿಗ್ಗೆ ನನ್ನೊಡನೆ ಅಂಗಡಿಗೆ ಬಂದು ತಕ್ಕಡಿಯ ಪಕ್ಕ ಮಲಗುವುದು, ಸಂಜೆ ನನ್ನೊಡನೆಯೇ ಮನೆಗೆ ಹಿಂತಿರುಗುವುದು. 2020ರ ಮಾರ್ಚ್ ತಿಂಗಳಲ್ಲಿ ತಲಪಾಡಿಯ ಗಡಿಯಲ್ಲಿ ಮಂಗಳೂರಿನ ದಾರಿ ಮುಚ್ಚಿದಾಗ ಅಂಗಡಿಯೂ ಮುಚ್ಚಿತ್ತು. ಆಗಲೂ ಅದು ದಿನಕ್ಕೊಮ್ಮೆ ಹೋಗಿ ಮುಚ್ಚಿದ ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ಕೂತು ಬರುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಕುಚ್ಚಲಕ್ಕಿ ಗಂಜಿ, ಹಾಲು, ಮಜ್ಜಿಗೆ. ಆದರೆ ಆಚೆಮನೆಯ ಬ್ಯಾರಿ ಮಿತ್ರರ ಹಿತ್ತಿಲಿನಿಂದ ಮೀನಿನ ವಾಸನೆ ಬಂದರೆ ಅದರ ವ್ರತ ಅಲ್ಲಿಗೇ ಮುಗಿಯುತ್ತಿತ್ತು. ಇದು ನಮಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುತ್ತಿದ್ದೆವು.

ಬೇಸಿಗೆಯಲ್ಲಿ ಅದು ವಿಪರೀತ ನೀರು ಕುಡಿಯತೊಡಗಿತು. ಸೆಕೆಗೆ ಎಂದುಕೊಂಡೆವು. ಅನಂತರ ವಾಂತಿ, ಬಾಯಿಯಲ್ಲಿ ದುರ್ವಾಸನೆ, ಮೈ ಇಳಿಯುವುದು ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಬಹಳ ಏರಿತ್ತು. ಮೂತ್ರಪಿಂಡದ ಮುಕ್ಕಾಲು ಪಾಲು ಕೆಟ್ಟ ಮೇಲೆಯೇ ಹೊರಗೆ ಗುರುತು ಕಾಣುವುದಂತೆ. ಚರ್ಮದಡಿಗೆ ಸಲೈನ್ ಕೊಡಿಸಿದೆವು, ಔಷಧಿ ಕೊಟ್ಟೆವು. ಒಂದು ತಿಂಗಳು ಸುಧಾರಿಸಿತು. ಆಟಿಯ ಮಳೆಯಲ್ಲಿ ಹಿಂಗಾಲು ಸೋತು ಮಲಗಿಬಿಟ್ಟಿತು.

ವೈದ್ಯರ ಮಾತಿಗೆ ನಾನು ಕೂಡಲೇ "ಆಗದು" ಎಂದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆಯಲ್ಲಿ, ಐದು ಇಂದ್ರಿಯವೂ ಮನಸ್ಸೂ ಇರುವ ಜೀವವನ್ನು ಕರೆಸಿ ಕೊಲ್ಲಿಸುವುದೆಂದರೇನು? ವೈದ್ಯರು ಬೇಸರಿಸಲಿಲ್ಲ. ಅರಿವಳಿಕೆಯ ಮದ್ದನ್ನೇ ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ, ಕೆಲವು ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ, ಆಮೇಲೆ ಉಸಿರು ಮತ್ತು ಹೃದಯ ನಿಲ್ಲುತ್ತವೆ, ಪ್ರಾಣಿಗೆ ನೋವು ತಿಳಿಯುವುದಿಲ್ಲ ಎಂದು ವಿವರಿಸಿದರು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿಯೂ ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿಯಲ್ಲಿರುವ ಪ್ರಾಣಿಯನ್ನು ಕೊನೆಗಾಣಿಸಲು ಅವಕಾಶವಿದೆ ಎಂದರು.

ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ, ವೈದ್ಯರು ಹೇಳಿದ ಹಾಗೆ ಮಾಡುವುದೇ ಒಳ್ಳೆಯದು" ಎಂದ. ನನಗೆ ಸಿಟ್ಟು ಬಂತು. ನಗರಕ್ಕೆ ಹೋದವರಿಗೆ ಎಲ್ಲವೂ ಸಲೀಸು ಎಂದು ಗೊಣಗಿ ಫೋನ್ ಇಟ್ಟೆ.

ಮರುದಿನ ಬಂಗ್ರಮಂಜೇಶ್ವರದ ಬಸದಿಗೆ ಹೋದವನು ದರ್ಶನದ ಬಳಿಕ ಹಿರಿಯ ಇಂದ್ರರೊಬ್ಬರಲ್ಲಿ ವಿಷಯ ತೆಗೆದೆ. ಅವರು ಹೇಳಿದ್ದು ನನಗೆ ಹೊಸತು. ಸುಮಾರು ಸಾವಿರ ವರ್ಷಗಳ ಹಿಂದೆಯೇ ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಇದೇ ಪ್ರಶ್ನೆಯನ್ನು ಎತ್ತಿದ್ದಾರಂತೆ. ಬಹಳ ದುಃಖದಲ್ಲಿರುವ ಜೀವವನ್ನು ಕೊಂದರೆ ಅದಕ್ಕೆ ಬೇಗ ದುಃಖದಿಂದ ಬಿಡುಗಡೆಯಾಗುತ್ತದೆ ಎಂಬ ವಾದವನ್ನು ಹೆಸರಿಸಿ, ಆ ಭಾವನೆಯಿಂದಲೂ ದುಃಖಿಯನ್ನು ಕೊಲ್ಲಬಾರದು ಎಂದು ಸ್ಪಷ್ಟವಾಗಿ ನಿಷೇಧಿಸಿದ್ದಾರೆ. ನೋವು ಆ ಜೀವದ ಅಸಾತಾ ವೇದನೀಯ ಕರ್ಮದ ಫಲ. ದೇಹ ಬಿದ್ದ ಮಾತ್ರಕ್ಕೆ ಕರ್ಮ ಕಳೆಯಿತೆಂದು ಹೇಳುವ ಅಧಿಕಾರ ನಮಗಿಲ್ಲ.

ನನಗೆ ಸಮಾಧಾನವಾಯಿತು. ನನ್ನ ಉತ್ತರವೇ ಸರಿಯೆಂದು ಎದೆಯುಬ್ಬಿಸಿ ಮನೆಗೆ ಬಂದು ಮನೆಯವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೊಳ್ಳುವಿನ ಕೆಳಗಿನ ಒದ್ದೆ ಗೋಣಿ ತೆಗೆದು ಒಣ ಗೋಣಿ ಹಾಸುತ್ತಿದ್ದಳು. ತಲೆಯೆತ್ತದೆಯೇ ಕೇಳಿದಳು, "ಶಾಸ್ತ್ರ ಸರಿಯೇ. ಆದರೆ ನೀವು ಬೆಳಿಗ್ಗೆ ಅಂಗಡಿಗೆ ಹೋಗುತ್ತೀರಿ, ರಾತ್ರಿ ಮಾಳಿಗೆಯಲ್ಲಿ ಮಲಗುತ್ತೀರಿ. ಇದು ರಾತ್ರಿ ಎರಡು ಗಂಟೆಗೆ ನರಳುವುದನ್ನು ಕೇಳುವವಳು ನಾನು. ಕೊಲ್ಲಬಾರದು ಅನ್ನುವವರು ನೋಡಿಕೊಳ್ಳಲೂಬೇಕಲ್ಲವಾ?"

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿರ್ಣಯ ನನ್ನದು, ಅದರ ಭಾರ ಅವಳದು, ನೋವು ಮೂಕಪ್ರಾಣಿಯದು. ನನ್ನ ಪುಣ್ಯದ ಲೆಕ್ಕ ಸರಿಯಾಗಿರಲಿ ಎಂದು ಖರ್ಚನ್ನೆಲ್ಲ ಬೇರೆಯವರ ಖಾತೆಗೆ ಬರೆದಂತಾಯಿತು. ವ್ಯಾಪಾರದಲ್ಲಿ ಹೀಗೆ ಮಾಡಿದವನನ್ನು ನಾವು ಏನೆಂದು ಕರೆಯುತ್ತೇವೆ?

ಅಂದಿನಿಂದ ಮಧ್ಯಾಹ್ನದ ಬಳಿಕ ಅಂಗಡಿಯನ್ನು ಕೆಲಸದವರಿಗೆ ಬಿಟ್ಟೆ. ಚಾಪೆಯನ್ನು ಜಗಲಿಗೆ ತಂದೆ. ವೈದ್ಯರಿಗೆ ಫೋನ್ ಮಾಡಿ, "ಇಂಜೆಕ್ಷನ್ ಬೇಡ, ಆದರೆ ಅದಕ್ಕೆ ನೋವಾಗದ ಹಾಗೆ ಏನು ಮಾಡಬಹುದೋ ಅದನ್ನೆಲ್ಲ ಹೇಳಿ" ಎಂದು ಕೇಳಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧವೂ ಒಂದಲ್ಲವೇ? ನೋವು ಕರ್ಮಫಲವೆಂದು ಹೇಳಿ ಮದ್ದು ಕೊಡದೆ ಕೂರಲು ಯಾವ ಆಚಾರ್ಯರೂ ಹೇಳಿಲ್ಲ. ವೈದ್ಯರು ಸಂತೋಷದಿಂದಲೇ ಬಂದು ನೋವಿನ ಮತ್ತು ವಾಂತಿಯ ಮದ್ದು ಕೊಟ್ಟರು. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಮೈ ಹುಣ್ಣಾಗುತ್ತದೆ. ಮಳೆಗಾಲವಾದ್ದರಿಂದ ನೊಣ ಕೂರಲು ಬಿಟ್ಟರೆ ಹುಣ್ಣಿಗೆ ಹುಳ ಬೀಳುತ್ತದೆ ಎಂದರು. ಹೋಗುವಾಗ ಇನ್ನೊಂದು ಮಾತು ಹೇಳಿದರು. "ಉಂಡಿತೇ, ನೀರು ಕುಡಿಯಿತೇ, ನಿದ್ದೆ ಬಂತೇ, ನಿಮ್ಮನ್ನು ಕಂಡು ಬಾಲ ಆಡಿಸಿತೇ, ಇದನ್ನು ದಿನಾ ಗುರುತು ಹಾಕಿ. ಒಳ್ಳೆಯ ದಿನ ಹೆಚ್ಚೋ ಕೆಟ್ಟ ದಿನ ಹೆಚ್ಚೋ ಎಂದು ಆಗ ಗೊತ್ತಾಗುತ್ತದೆ. ಪ್ರೀತಿ ಇದ್ದವರಿಗೆ ಬಾಯಿಲೆಕ್ಕ ತಪ್ಪುತ್ತದೆ."

ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ಮೊದಲ ಐದು ದಿನದಲ್ಲಿ ಮೂರು ಒಳ್ಳೆಯವು. ಆಮೇಲೆ ಒಂದೂ ಇಲ್ಲ. ಅದು ಗಂಜಿಯಿಂದ ಮುಖ ತಿರುಗಿಸಿತು. ನಾನು ಸಿರಿಂಜಿನಲ್ಲಿ ಗ್ಲೂಕೋಸ್ ನೀರು ಹಾಕಿ ದವಡೆಯ ಸಂದಿಯಿಂದ ಇಳಿಸುತ್ತಿದ್ದೆ. ಅದು ಕೆಮ್ಮುತ್ತಿತ್ತು, ನಾನು ಮತ್ತೆ ಇಳಿಸುತ್ತಿದ್ದೆ.

ಆಗ ಬಂದವರು ಆಚೆಮನೆಯ ಬ್ಯಾರಿ ಮಿತ್ರರು. ಸ್ವಲ್ಪ ಹೊತ್ತು ನೋಡಿ ಸಂಕೋಚದಿಂದ, "ಧಣಿ, ಒಂದು ಬೂತಾಯಿ ತಂದು ಇಡಲೇ? ನೀವು ಬೇಕಾದರೆ ಒಳಗೆ ಹೋಗಿ" ಎಂದರು. ನಾನು ಹೂಂ ಅನ್ನಲಿಲ್ಲ, ಉಹುಂ ಅನ್ನಲೂ ಇಲ್ಲ. ಒಳಗೆ ಹೋದೆ. ಅವರು ಅಂಗಳದ ಅಂಚಿನಲ್ಲಿ ಬಾಳೆಲೆಯ ತುಂಡಿನ ಮೇಲೆ ಮೀನು ತಂದು ಅದರ ಮೂಗಿನ ಹತ್ತಿರ ಇಟ್ಟರಂತೆ. ಬೊಳ್ಳು ಮೂಸಿತು, ಕಣ್ಣು ಮುಚ್ಚಿತು. ಅವರು ಎಲೆಯನ್ನು ಮಡಚಿಕೊಂಡು, "ಇನ್ನು ಅದನ್ನು ಪೀಡಿಸಬೇಡಿ ಧಣಿ" ಎಂದು ಹೇಳಿ ಹೋದರು.

ಆ ರಾತ್ರಿ ಸಿರಿಂಜನ್ನು ತೊಳೆದು ಎತ್ತಿಟ್ಟೆ. ಮರುದಿನ ಕೇಳಿದಾಗ ವೈದ್ಯರೂ ಅದನ್ನೇ ಹೇಳಿದರು. ದೇಹ ಸೋಲುತ್ತಿರುವಾಗ ಹಸಿವು ತಾನಾಗಿ ಇಂಗುತ್ತದೆ, ಬಲವಂತವಾಗಿ ಇಳಿಸಿದ್ದು ಶ್ವಾಸಕೋಶಕ್ಕೆ ಹೋದರೆ ಸಂಕಟ ಇಮ್ಮಡಿಯಾಗುತ್ತದೆ, ತುಟಿ ಒದ್ದೆ ಮಾಡುತ್ತಿದ್ದರೆ ಸಾಕು, ನೋವಿನ ಮದ್ದು ಮಾತ್ರ ನಿಲ್ಲಿಸಬೇಡಿ ಎಂದರು. ಕೊಲ್ಲುವುದಿಲ್ಲ ಎಂದು ಹಟ ಹಿಡಿದವನು ಸಾಯಲೂ ಬಿಡದೆ ಹಿಂಸಿಸುತ್ತಿದ್ದೆ ಎಂದು ಆಗ ಅರ್ಥವಾಯಿತು.

ಜಗಲಿಯಲ್ಲಿ ನಿದ್ದೆಯಿಲ್ಲದ ರಾತ್ರಿಗಳಲ್ಲಿ ಹಲವು ವಿಷಯ ನೆನಪಾದವು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ನೋವಿನಿಂದ ಒದ್ದಾಡುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ವೈದ್ಯರಿಂದ ವಿಷದ ಇಂಜೆಕ್ಷನ್ ಕೊಡಿಸಿದರು. ಅದನ್ನು ಬಚ್ಚಿಡದೆ 'ನವಜೀವನ'ದಲ್ಲಿ ಬರೆದರು. ದೇಶದ ಎಲ್ಲೆಡೆಯಿಂದ ಸಿಟ್ಟಿನ ಪತ್ರಗಳು ಬಂದವು. ನಮ್ಮ ಜೈನರೂ ಬರೆದಿದ್ದರು. ಶಸ್ತ್ರವೈದ್ಯ ರೋಗಿಯ ಮೈಗೆ ಕತ್ತಿ ಹಾಕುವುದು ಹಿಂಸೆಯಲ್ಲವಾದರೆ ಇದೂ ಅಲ್ಲ ಎಂಬುದು ಅವರ ವಾದದ ಸಾರ. ನನಗೆ ಆ ವಾದ ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ. ಶಸ್ತ್ರವೈದ್ಯ ಕತ್ತಿ ಹಾಕುವುದು ರೋಗಿ ಬದುಕಲಿ ಎಂದು. ಆದರೆ ಮೊದಲು ಶುಶ್ರೂಷೆ ಮಾಡಿ, ದಾರಿಯಿಲ್ಲವೆಂದು ಖಚಿತವಾದ ಮೇಲೆ, ಎದುರಿಗೆ ನಿಂತು ಮಾಡಿಸಿ, ಎಲ್ಲರ ಬೈಗುಳಕ್ಕೆ ತಲೆಕೊಟ್ಟರಲ್ಲ, ಅಂಥವರನ್ನು ದಯೆಯಿಲ್ಲದವರೆಂದು ನಾನು ಹೇಗೆ ಹೇಳಲಿ?

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮ ಎಂದಾಗ ನಾವೆಲ್ಲ ನೊಂದೆವು. ಅನೇಕ ಊರುಗಳಲ್ಲಿ ಸಮಾಜದವರು ಮೌನ ಮೆರವಣಿಗೆ ಮಾಡಿದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಹೇಳಿರುವಂತೆ, ಪರಿಹಾರವಿಲ್ಲದ ಉಪಸರ್ಗ, ಕ್ಷಾಮ, ಮುಪ್ಪು, ರೋಗ ಬಂದಾಗ ಧರ್ಮಕ್ಕಾಗಿ ದೇಹ ಬಿಡುವುದು ಸಲ್ಲೇಖನ. ಅದು ತಿಳಿದು, ತಾನೇ ಒಪ್ಪಿ, ಗುರುವಿನ ಅಪ್ಪಣೆಯಿಂದ ಕೈಗೊಳ್ಳುವ ವ್ರತ. ಸಮಂತಭದ್ರರಿಗೇ ಭಸ್ಮಕ ವ್ಯಾಧಿ ಬಂದು ಸಲ್ಲೇಖನ ಬೇಡಿದಾಗ ಗುರುಗಳು ಕಾಲ ಬಂದಿಲ್ಲವೆಂದು ಒಪ್ಪಲಿಲ್ಲ ಎಂಬ ಕಥೆ ಇದೆ. ಅಂಥ ಆಚಾರ್ಯರೇ ತಮ್ಮ ಕಾಲವನ್ನು ತಾವು ಗೊತ್ತುಮಾಡಿಕೊಳ್ಳಲಾಗದಿದ್ದಾಗ, ಮಾತು ಬಾರದ ಜೀವದ ಕಾಲವನ್ನು ನಾನು ಕ್ಯಾಲೆಂಡರು ನೋಡಿ ಗೊತ್ತುಮಾಡುವುದು ಹೇಗೆ? ನಾಯಿ ಊಟ ಬಿಟ್ಟದ್ದನ್ನು ಸಲ್ಲೇಖನವೆಂದು ನಾನು ಕರೆಯುವುದಿಲ್ಲ. ಆದರೆ ಅದು ಬಿಟ್ಟ ಅನ್ನವನ್ನು ಬಲವಂತವಾಗಿ ತುರುಕಬಾರದು ಎಂಬಷ್ಟು ಪಾಠ ನಮ್ಮ ಧರ್ಮದಲ್ಲಿಯೇ ಇದೆ.

ಎಂಟನೆಯ ದಿನ ಮಗ ಹೇಳದೆ ಕೇಳದೆ ಬಂದ. ರಾತ್ರಿ ನನ್ನ ಪಕ್ಕದಲ್ಲಿ ಚಾಪೆ ಹಾಸಿಕೊಂಡ. ಬಹಳ ಹೊತ್ತಿನ ಬಳಿಕ, "ಅಪ್ಪ, ನಿಮಗೆ ಒಂದು ವಿಷಯ ಹೇಳಿಲ್ಲ. ಎರಡು ವರ್ಷದ ಹಿಂದೆ ನಮ್ಮ ಬೆಕ್ಕಿಗೆ ದವಡೆಯಲ್ಲಿ ಕ್ಯಾನ್ಸರ್ ಆಗಿತ್ತು. ಬಾಯಿ ಮುಚ್ಚಲು ಆಗುತ್ತಿರಲಿಲ್ಲ. ನಾವು ಇಂಜೆಕ್ಷನ್ ಕೊಡಿಸಿದೆವು. ನಿಮಗೆ ಅದು ಮುಪ್ಪಿನಿಂದ ಸತ್ತಿತು ಅಂದಿದ್ದೆ" ಎಂದ.

ನಾನು ಫೋನಿನಲ್ಲಿ ಗೊಣಗಿದ್ದು ನೆನಪಾಯಿತು. ಎರಡು ವರ್ಷ ಇದನ್ನು ಒಬ್ಬನೇ ಹೊತ್ತಿದ್ದಾನೆ, ಹೇಳಿದರೆ ಅಪ್ಪ ಏನೆನ್ನುವರೋ ಎಂದು.

"ಆಗ ಅದರ ಹತ್ತಿರ ಯಾರಿದ್ದರು?" ಎಂದು ಕೇಳಿದೆ.

"ನನ್ನ ಮಡಿಲಲ್ಲಿಯೇ ಇತ್ತು. ಪಂಚನಮಸ್ಕಾರ ಹೇಳುತ್ತಾ ಇದ್ದೆ."

ಅಮೃತಚಂದ್ರರು ದಯೆಯ ಹೆಸರಿನ ವಧೆಯನ್ನು ನಿಷೇಧಿಸಿದ್ದು ನಿಜ. ಅದೇ ಗ್ರಂಥದಲ್ಲಿ ಹಿಂಸೆಯ ಮೂಲ ರಾಗದ್ವೇಷಾದಿ ಭಾವಗಳು, ಒಂದೇ ಬಗೆಯ ಕೃತ್ಯ ಇಬ್ಬರಿಗೆ ಬೇರೆ ಬೇರೆ ಫಲ ಕೊಡಬಹುದು ಎಂದೂ ಇದೆಯೆಂದು ಇಂದ್ರರು ಹೇಳಿದ್ದರು. ನನ್ನ ಮಗನ ಭಾವವನ್ನು ತೂಗುವ ತಕ್ಕಡಿ ನನ್ನಲ್ಲಿಲ್ಲ. "ನಾನು ಮಾಡುತ್ತಿರಲಿಲ್ಲ ಮಗಾ. ಆದರೆ ನೀನು ಹೇಳಿದ್ದು ಒಳ್ಳೆಯದಾಯಿತು. ಇನ್ನು ಅದನ್ನು ಒಬ್ಬನೇ ಹೊರಬೇಡ" ಎಂದೆ. ಅವನು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅವನ ಬಾಲ್ಯದಲ್ಲೇ ಕೊನೆ.

ಒಂಬತ್ತನೆಯ ರಾತ್ರಿ ಕಷ್ಟದ್ದು. ಮದ್ದು ಹಾಕಿದರೂ ಒಂದು ತಾಸು ನರಳಿತು. ಆ ಒಂದು ತಾಸಿನಲ್ಲಿ ವೈದ್ಯರ ನಂಬರು ನನ್ನ ಕೈಯಲ್ಲೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮಗ ಒತ್ತಾಯಿಸಲಿಲ್ಲ. ಮನೆಯವಳು ಬೆನ್ನು ಸವರುತ್ತಾ ಕೂತಳು. ಆಮೇಲೆ ಅದು ಶಾಂತವಾಯಿತು. ಜೀವಂಧರ ಕುಮಾರನ ಕಥೆ ನೀವೆಲ್ಲ ಬಲ್ಲಿರಿ. ಏಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಅವನು ಪಂಚನಮಸ್ಕಾರ ಮಂತ್ರ ಹೇಳಿದ, ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. 1424ರಲ್ಲಿ ಭಾಸ್ಕರ ಕವಿ ಕನ್ನಡದಲ್ಲಿ ಷಟ್ಪದಿಯಾಗಿ ಬರೆದ ಈ ಕಥೆಯನ್ನು ನನ್ನ ಅಜ್ಜಿ ಬಾಯಲ್ಲಿ ಹೇಳುತ್ತಿದ್ದರು. ಬೊಳ್ಳುವಿನ ಕಿವಿಯ ಹತ್ತಿರ ಬಾಗಿ ನಾನೂ ಹೇಳಿದೆ. ನಸುಕಿನಲ್ಲಿ ಅದರ ಉಸಿರು ನಿಂತಿತು. ಮಳೆ ಬಿಟ್ಟಿತ್ತು. ಹಿತ್ತಿಲಿನ ಹಲಸಿನ ಬುಡದಲ್ಲಿ ಗುಂಡಿ ತೋಡಲು ಬ್ಯಾರಿ ಮಿತ್ರರೂ ಹಾರೆ ಹಿಡಿದು ಬಂದರು.

ನಾನು ಮಾಡಿದ್ದೇ ಸರಿ ಎಂದು ಸಾಧಿಸಲು ಇದನ್ನು ಬರೆಯುತ್ತಿಲ್ಲ. ಆ ಒಂದು ತಾಸಿನ ನರಳಾಟ ಈಗಲೂ ಕಿವಿಯಲ್ಲಿದೆ. ನಮ್ಮ ಮನೆಗಳಲ್ಲಿ ಈಗ ನಾಯಿ ಬೆಕ್ಕುಗಳು ಹೆಚ್ಚಾಗಿವೆ, ಔಷಧೋಪಚಾರದಿಂದ ಅವುಗಳ ಆಯುಷ್ಯವೂ ಬೆಳೆದಿದೆ. ಈ ಪ್ರಶ್ನೆ ನಿಮ್ಮಲ್ಲಿ ಹಲವರ ಜಗಲಿಗೂ ಬರುತ್ತದೆ. ಆದ್ದರಿಂದ ಅನುಭವದಿಂದ ಕಲಿತ ನಾಲ್ಕು ಮಾತು ಹೇಳುತ್ತೇನೆ.

ವಯಸ್ಸಾದ ಪ್ರಾಣಿ ಹೆಚ್ಚು ನೀರು ಕುಡಿದರೆ, ಮೈ ಇಳಿದರೆ ತಡಮಾಡದೆ ತೋರಿಸಿ. ನಮ್ಮ ನೋವಿನ ಮಾತ್ರೆಗಳನ್ನು ಕೊಡಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ, ಪ್ಯಾರಾಸಿಟಮಾಲಿನ ಒಂದು ಮಾತ್ರೆ ಬೆಕ್ಕಿನ ಪ್ರಾಣವನ್ನೇ ತೆಗೆಯಬಹುದು. ಇಂಜೆಕ್ಷನ್ ಬೇಡವೆಂದು ಹೇಳುವುದಾದರೆ ನೋವಿನ ಮದ್ದನ್ನು ಮೊದಲು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಬೇಡವೆಂದು ಹೇಳುವ ಯಜಮಾನರು ರಾತ್ರಿಯ ಪಾಳಿಯನ್ನು ತಾವೇ ವಹಿಸಿಕೊಳ್ಳಿ. ಅಭಯದಾನವನ್ನು ಬಾಯಿಮಾತಿನಲ್ಲಿ ಕೊಟ್ಟು ಅದರ ದುಡಿಮೆಯನ್ನು ಹೆಂಗಸರಿಗೆ ಬಿಡಬಾರದು. ಬೇರೆ ತೀರ್ಮಾನ ಮಾಡಿದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅವರು ಅದನ್ನು ಹೇಳಲು ಅಂಜುವಂತೆ ಮಾಡಬೇಡಿ.

ಆ ಕ್ಯಾಲೆಂಡರಿನ ಹಾಳೆಯನ್ನು ಹರಿದು ಅಂಗಡಿಯ ಖಾತೆ ಪುಸ್ತಕದೊಳಗೆ ಇಟ್ಟಿದ್ದೇನೆ. ಮೂರು ಒಳ್ಳೆಯ ದಿನಗಳ ಗುರುತು ಅದರಲ್ಲಿದೆ.

ಜೈ ಜಿನೇಂದ್ರ.